ತೊಳೆಯಬಾರದ ಝಾರಿ

ಬಿಳಿಯಕ್ಕ ಎಂದು ಬೀದಿಯವರು ಕರೆಯುತ್ತಿದ್ದುದು ಆಕೆಯ ಮೈಬಣ್ಣ ನೋಡಿ ಅಲ್ಲ, ಬಟ್ಟೆ ನೋಡಿ. ನೀಲಿ ತಂದರೂ ಬಿಳಿ, ಕೆಂಪು ತಂದರೂ ಬಿಳಿ. ಎರಡು ಒಗೆತ ಕಳೆಯುವಷ್ಟರಲ್ಲಿ ಬಣ್ಣವೆಲ್ಲ ಊರು ಬಿಟ್ಟಿರುತ್ತಿತ್ತು. ಬ್ಲೀಚಿಂಗ್ ಪುಡಿಯ ಡಬ್ಬಿ ಆಕೆಯ ಕಂಕುಳ ಕೂಸು. ಹೊಸ್ತಿಲಿರಲಿ, ಬಚ್ಚಲಿರಲಿ, ಬಾಗಿಲ ಚಿಲಕವೇ ಇರಲಿ, ದಿನಕ್ಕೊಂದು ಕೈ ಆಗಲೇಬೇಕು. "ಯಜಮಾನರ ಕೂದಲು ವಯಸ್ಸಿಗೆ ನರೆತಿದ್ದಲ್ಲ. ಅಕ್ಕ ಒಂದಿನ ನೆನೆಹಾಕಿ ಒಗೆದುಬಿಟ್ಟಿದ್ದಾಳೆ" ಎಂದು ಎದುರಿನ ಸೈಕಲ್ ರಿಪೇರಿಯವನು ಹೇಳಿ ನಗಿಸುತ್ತಿದ್ದ.

ನಗುವವರು ನಗಲಿ. ಆಕೆಗೆ ಆ ವಾಸನೆ ಎಂದರೆ ಧೈರ್ಯ. ಚಿಕ್ಕವಳಿದ್ದಾಗ ಬಾವಿ ನೀರಿನಿಂದ ಎದ್ದ ವಾಂತಿಭೇದಿ ಕೇರಿಯನ್ನೇ ಗುಡಿಸಿಕೊಂಡು ಹೋಗಿತ್ತು; ಬೆನ್ನಿಗೆ ಹುಟ್ಟಿದ ತಮ್ಮನನ್ನೂ ಬಿಟ್ಟಿರಲಿಲ್ಲ. ಆಮೇಲೆ ಯಾರೋ ಬಂದು ಬಾವಿಗೆ ಬಿಳಿ ಪುಡಿ ಸುರಿದರು, ಉಳಿದವರು ಉಳಿದರು. ಅವತ್ತಿನಿಂದ ಆಕೆಯ ಲೆಕ್ಕ ಒಂದೇ. ಕಣ್ಣಿಗೆ ಕಾಣದ ಹುಳ ಎಂದರೆ ಸಾವು, ಬಿಳಿ ಪುಡಿ ಎಂದರೆ ಜೀವ.

ಗಂಡ ಇದಕ್ಕೆ ತದ್ವಿರುದ್ಧ. ಏನು ಕೇಳಿದರೂ "ನಾಳೆ ಮಾಡಿದ್ರಾಯ್ತು" ಅನ್ನುತ್ತ ನಾಳೆಯಪ್ಪ ಎಂಬ ಬಿರುದು ಸಂಪಾದಿಸಿದ್ದ. ಮನೆಯ ಹಿಂದೆ ಹಸಿರು ಪರದೆ ಕಟ್ಟಿದ ಉದ್ದನೆಯ ಚಪ್ಪರದಲ್ಲಿ ಇಬ್ಬರೂ ಸೇರಿ ಟ್ರೇಗಳಲ್ಲಿ ತರಕಾರಿ ಸಸಿ ಬೆಳೆಸಿ ರೈತರಿಗೆ ಕೊಡುತ್ತಿದ್ದರು. ನೀರು ಹಾಕುವ ವಿಷಯಕ್ಕೆ ಜಗಳ ಆಡಿ ಆಡಿ, ಕೊನೆಗೆ ಚಪ್ಪರವನ್ನೇ ಪಾಲು ಮಾಡಿಕೊಂಡರು. ನಡುವಿನ ಕಾಲುದಾರಿಯ ಎಡಕ್ಕೆ ಅವಳ ಸಾಲು, ಬಲಕ್ಕೆ ಅವನ ಸಾಲು. ನೀರು ಹಾಕುವ ಝಾರಿಗಳೂ ಬೇರೆ ಬೇರೆ. ಅವಳ ಝಾರಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅವನದರೊಳಗೆ ಪಾಚಿ ಬೆಳೆದು, ಕೈಹಾಕಿದರೆ ಕಪ್ಪೆ ಮುಟ್ಟಿದಂತಾಗುತ್ತಿತ್ತು.

ಆ ವರ್ಷ ಚಪ್ಪರಕ್ಕೆ ಬುಡಕೊಳೆ ರೋಗ ಹೊಕ್ಕಿತು. ಸಂಜೆ ನೆಟ್ಟಗೆ ನಿಂತಿದ್ದ ಎಳೆಯ ಸಸಿ ಬೆಳಗ್ಗೆ ನೋಡಿದರೆ ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಗ್ಗುಲಿಗೆ ಮಲಗಿರುತ್ತಿತ್ತು. ಇವತ್ತು ಒಂದು ಬಿದ್ದರೆ ನಾಳೆ ಅದರ ಪಕ್ಕದ್ದು. ಟ್ರೇ ನಡುವೆ ಬೋಳುತಲೆಯಂತೆ ಗುಂಡನೆಯ ಜಾಗ ಅಗಲವಾಗುತ್ತಲೇ ಹೋಗುತ್ತಿತ್ತು. ಮೊದಲ ಬಿತ್ತನೆ ಹೋಯಿತು. ಅಂಗಡಿಯಲ್ಲಿದ್ದ ಔಷಧಿಯೆಲ್ಲ ಹೊಡೆದದ್ದಾಯಿತು, ಎರಡನೆಯದೂ ಹೋಯಿತು. ಸಸಿಗೆ ಹೇಳಿಹೋಗಿದ್ದ ರೈತರು ಒಬ್ಬೊಬ್ಬರಾಗಿ ಬೇರೆ ಕಡೆ ಮುಖ ಮಾಡಿದರು. ಎಲೆಕೋಸು ಬೆಳೆಯುವವನೊಬ್ಬ ಮಾತ್ರ, "ಇನ್ನೊಂದು ಸಲ ನೋಡ್ತೀನಿ ಅಕ್ಕ. ನೆಲ ಉತ್ತು ಕಾಯ್ತಾ ಇದೀನಿ" ಎಂದು ಹೇಳಿ ಹೋದ.

ಅವನು ಹೋದ ಮೇಲೆ ಗಂಡ ಗೋಡೆ ನೋಡುತ್ತ ಹೇಳಿದ: "ಮೂರನೇ ಬಿತ್ತನೇನೂ ಬಿದ್ರೆ ಪರದೆ ಬಿಚ್ಚಿಬಿಡೋಣ ಕಣೇ. ಸಿಮೆಂಟ್ ಅಂಗಡಿಯವನು ಮೂಟೆ ಇಡೋಕೆ ಜಾಗ ಕೇಳ್ತಿದಾನೆ."

ಬಿಳಿಯಕ್ಕ ಎದ್ದು ಚಪ್ಪರಕ್ಕೆ ನಡೆದಳು. ಮದುವೆಯಾದ ವರ್ಷ ತಾನೇ ಕಂಬ ಹಿಡಿದು ನಿಲ್ಲಿಸಿದ ಚಪ್ಪರ ಅದು. ಬೆಳಗ್ಗೆ ಎದ್ದು ಹಸಿರು ನೋಡುವ ಕಣ್ಣಿಂದ ಸಿಮೆಂಟ್ ಮೂಟೆ ನೋಡಬೇಕಲ್ಲ ಎಂದುಕೊಂಡು, ಮೂರನೆಯ ಸಲಕ್ಕೆ ಬೀಜದ ಡಬ್ಬಿ ಕೆಳಗಿಳಿಸಿದಳು.

ಮೂರನೆಯ ಬಿತ್ತನೆ ಮೊಳೆತ ಹೊತ್ತಿಗೆ ನಾದಿನಿ ಬಂದಳು. ಪಟ್ಟಣದಲ್ಲಿ ಬೆಳೆಗಳ ರೋಗ ನೋಡುವ ಲ್ಯಾಬಿನಲ್ಲಿ ಅವಳ ಕೆಲಸ. ಚೀಲದಿಂದ ಬೂದಿಬಣ್ಣದ ಪುಡಿಯ ಪೊಟ್ಟಣ ತೆಗೆದು ಅಣ್ಣನಿಗೊಂದು, ಅತ್ತಿಗೆಗೊಂದು ಕೊಟ್ಟಳು.

"ಇದೇನೇ?"

"ಬ್ಯಾಕ್ಟೀರಿಯಾ, ಅತ್ತಿಗೆ. ನೀರಲ್ಲಿ ಕಲಸಿ ಬುಡಕ್ಕೆ ಹಾಕೋದು."

ಬಿಳಿಯಕ್ಕ ಕೆಂಡ ಮುಟ್ಟಿದವಳಂತೆ ಪೊಟ್ಟಣ ಕೆಳಗಿಟ್ಟಳು. "ಹುಳ ಸಾಯಿಸೋಕೆ ಏನಾದ್ರೂ ತಾ ಅಂದ್ರೆ ಹುಳಾನೇ ತಂದಿದೀಯಲ್ಲೇ!"

"ಇವು ಒಳ್ಳೇವು ಅತ್ತಿಗೆ. ಬಸ್ಸಲ್ಲಿ ನೋಡಿಲ್ವಾ? ಬಾಗಿಲು ತೆಗೆಯೋಷ್ಟರಲ್ಲಿ ಒಂದೇ ಮನೆಯವರು ನುಗ್ಗಿ, ಚೀಲ ಇಟ್ಟು, ಮಗು ಕೂರಿಸಿ, ಸೀಟೆಲ್ಲ ಹಿಡಿದುಬಿಡ್ತಾರಲ್ಲ. ಹಾಗೇ ಇವು ಬೇರಿನ ಸುತ್ತ ಸೀಟು ಹಿಡಿದು ಕೂತುಬಿಡ್ತವೆ. ಕೊಳೆಸೋ ಬೂಷ್ಟು ಬಂದ್ರೆ ಅದಕ್ಕೆ ನಿಲ್ಲೋಕೂ ಜಾಗ ಇರಲ್ಲ."

"ಒಳ್ಳೇದು ಕೆಟ್ಟದ್ದು ಅಂತ ಹುಳದ ಹಣೆ ಮೇಲೆ ಬರೆದಿರುತ್ತಾ?"

"ನಮ್ಮ ಮನೇಲೂ ಒಬ್ಬ ಒಳ್ಳೆಯವನು ಹುಟ್ಟಿಲ್ವಾ?" ಎಂದು ನಾಳೆಯಪ್ಪ ಎದೆ ತಟ್ಟಿಕೊಂಡ.

"ಹಾಗಾದ್ರೆ ನಾನ್ಯಾರು ಅಣ್ಣ?" ಎಂದಳು ತಂಗಿ. ಆಮೇಲೆ ನಗು ನಿಲ್ಲಿಸಿ, "ಇವತ್ತು ಅರ್ಧ ಹಾಕಿ, ಸ್ವಲ್ಪ ದಿನ ಬಿಟ್ಟು ಇನ್ನರ್ಧ. ಇದರ ಜೊತೆ ಯಾವ ಔಷಧೀನೂ ಬೆರೆಸಬೇಡಿ, ಸತ್ತುಹೋಗ್ತವೆ" ಎಂದು ಹೇಳಿ ಬಸ್ಸು ಹತ್ತಿದಳು.

ಬಿಳಿಯಕ್ಕನಿಗೆ ನಂಬಿಕೆ ಬರಲಿಲ್ಲ; ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಹೇಳಿದ ದಿನಕ್ಕೆ ಹೇಳಿದಂತೆ ಹಾಕಿದಳು. ಯಾವ ಔಷಧಿಯನ್ನೂ ಬೆರೆಸಲಿಲ್ಲ.

ಆದರೂ ಅವಳ ಸಾಲಿನಲ್ಲಿ ಸಸಿ ಮಲಗತೊಡಗಿದವು. ಮೊದಲು ಮೂಲೆಯ ಟ್ರೇ, ಆಮೇಲೆ ಅದರ ಪಕ್ಕದ್ದು. ಎದೆ ಹಿಡಿದುಕೊಂಡು ಗಂಡನ ಸಾಲಿಗೆ ಬಗ್ಗಿ ನೋಡಿದಳು. ಅಲ್ಲಿ ಸಸಿಗಳು ಮದುವೆ ಫೋಟೋಗೆ ನಿಂತ ನೆಂಟರಂತೆ ಒತ್ತೊತ್ತಾಗಿ, ನೆಟ್ಟಗೆ ನಿಂತಿದ್ದವು.

"ರೀ, ನಿಮ್ಮ ಕಡೆ ಏನು ಹಾಕಿದ್ರಿ?"

"ಅವಳು ಕೊಟ್ಟಿದ್ದೇ."

"ನಿಜ ಹೇಳಿ."

"ನಿನ್ನಾಣೆ ಕಣೇ. ಹಿಂದಿನ ಮಳೆನೀರಿನ ತೊಟ್ಟಿಯಿಂದ ನೀರು ತಗೊಂಡೆ, ಪುಡಿ ಹಾಕಿದೆ, ಸುರಿದೆ. ಝಾರಿ ತೊಳೀಲಿಲ್ಲ, ಬೈಬೇಡ."

ಬೈಯುವ ಶಕ್ತಿ ಅವಳಲ್ಲಿರಲಿಲ್ಲ. ಒಂದೇ ಬೀಜ, ಒಂದೇ ಪುಡಿ. ಹಾಗಾದರೆ ತನ್ನ ಕೈಗುಣವೇ ಕೆಟ್ಟಿತೆ? ಅನ್ನ ತಟ್ಟೆಯಲ್ಲೇ ಆರಿತು. ನಾಳೆಯಪ್ಪ ತಂಗಿಗೆ ಫೋನು ಮಾಡಿದ, ನಾಳೆ ಅನ್ನದೆ, ಆಗಲೇ.

ನಾದಿನಿ ಬಂದವಳು ಎರಡೂ ಸಾಲು ನೋಡಿದಳು. ಬಿದ್ದ ಸಸಿಯ ಬುಡ ಗಿಲ್ಲಿ ನೋಡಿದಳು. "ಅತ್ತಿಗೆ, ಅವತ್ತು ಹೇಗೆ ಮಾಡಿದ್ರೋ ಹಾಗೇ ಮಾಡಿ ತೋರಿಸಿ. ಒಂದೂ ಬಿಡಬೇಡಿ" ಅಂದಳು.

ಬಿಳಿಯಕ್ಕ ಝಾರಿ ಕೈಗೆತ್ತಿಕೊಂಡಳು. ಒಂದು ಹಿಡಿ ಬಿಳಿ ಪುಡಿ ಒಳಗೆ ಹಾಕಿ, ನೀರು ಬಿಟ್ಟು, ಮೂತಿಯ ತೂತಿನವರೆಗೂ ಗಲಗಲ ಕುಲುಕಿ ಚೆಲ್ಲಿದಳು. ನೀಲಿ ಡ್ರಮ್ಮಿನ ಮುಚ್ಚಳ ಸರಿಸಿ ನೀರು ತುಂಬಿದಳು.

"ಈ ನೀರಿಗೆ ಏನಾದ್ರೂ ಹಾಕಿದೀರಾ?"

"ದಿನಾ ಬೆಳಗ್ಗೆ ಒಂದು ಹಿಡಿ ಬಿಳಿ ಪುಡಿ ಹಾಕಿರ್ತೀನಲ್ಲ. ಎಳೇ ಸಸಿಗೆ ಹಾಕೋ ನೀರು ನೋಡು, ಅದರಲ್ಲಿ ಒಂದು ಹುಳಾನೂ ಬದುಕಿರಬಾರ..."

ಮಾತು ಅರ್ಧಕ್ಕೇ ನಿಂತಿತು. ಬಾಯಿ ತೆರೆದೇ ಇತ್ತು. ಝಾರಿಯ ಮೂತಿಯಿಂದ ನೀರು ತೊಟ್ಟಿಕ್ಕಿ ಅವಳ ಕಾಲ ಮೇಲೆ ಬೀಳುತ್ತಿತ್ತು.

"ಅಯ್ಯೋ ಅತ್ತಿಗೆ, ಸೀಟು ಹಿಡಿಯೋಕೆ ಬಂದವರನ್ನ ಬಸ್ಸಿನ ಮೆಟ್ಟಿಲ ಮೇಲೇ ಮುಗಿಸಿಬಿಟ್ರಲ್ಲ!" ಎಂದು ನಾದಿನಿಗೆ ನಗು ಬಂದುಬಿಟ್ಟಿತು. ಅತ್ತಿಗೆಯ ಮುಖ ನೋಡಿ ನಗು ನುಂಗಿಕೊಂಡಳು. "ನಂದೂ ತಪ್ಪಿದೆ. ಔಷಧಿ ಬೆರೆಸಬೇಡಿ ಅಂದೆ. ಶುಚಿ ಮಾಡಬೇಡಿ ಅಂತ ಯಾರಾದ್ರೂ ಹೇಳ್ತಾರಾ? ನಿಮಗಾದ್ರೂ ಹೇಳಬೇಕಿತ್ತು."

"ಅದೆಲ್ಲ ಇರಲಿ. ಇನ್ನೂ ಮುಕ್ಕಾಲು ಪಾಲು ನಿಂತಿವೆ. ಇನ್ನೊಂದು ಪೊಟ್ಟಣ ಕೊಡೇ."

ನಾದಿನಿ ತಲೆಯಾಡಿಸಿದಳು. "ಇದ್ದದ್ದೆಲ್ಲ ತಂದುಬಿಟ್ಟಿದ್ದೆ. ಮತ್ತೆ ಬೆಳೆಸಿ ತರೋವರೆಗೆ ಇವು ಕಾಯಲ್ಲ, ಅತ್ತಿಗೆ."

ನಾಳೆಯಪ್ಪ ಕುತ್ತಿಗೆ ಕೆರೆದುಕೊಂಡ. ಒಂದು ಹೆಜ್ಜೆ ಹಿಂದೆ ಸರಿದು, ಹೆಂಡತಿಯ ಕೈಗೆ ಎಟುಕದಷ್ಟು ದೂರ ನಿಂತು ಹೇಳಿದ: "ನನ್ನ ಹತ್ರ ಅರ್ಧ ಪೊಟ್ಟಣ ಇದೆ."

"ಯಾಕಿದೆ ಅಣ್ಣ? ಎರಡನೇ ಸಲ ಹಾಕಲಿಲ್ವಾ?"

"ನಾಳೆ ಹಾಕಿದ್ರಾಯ್ತು ಅಂತ..."

ಮದುವೆಯಾದಾಗಿನಿಂದ ಆ ಮಾತು ಕೇಳಿ ಬಿಳಿಯಕ್ಕನ ಮೈ ಉರಿಯದೆ ಇದ್ದದ್ದು ಅದೇ ಮೊದಲು. "ಹೋಗಿ ತನ್ನಿ, ಓಡಿ!" ಅಂದಳು.

ಬಿದ್ದ ಸಸಿಗಳನ್ನು ಸುತ್ತಲಿನ ಗೊಬ್ಬರದ ಸಮೇತ ಕಿತ್ತು ಹೊರಗೆ ಹಾಕಿದರು. ಪುಡಿ ಕಲಸುವುದಕ್ಕೆ ಅವಳ ಝಾರಿ ಬರುವಂತಿರಲಿಲ್ಲ. ಇದ್ದದ್ದು ಅವನದೊಂದೇ; ಅದರಲ್ಲೇ ಮಳೆನೀರು ತುಂಬಿ ಪುಡಿ ಕಲಸಿದರು. ಪಾಚಿಗಟ್ಟಿದ ಆ ಹಿಡಿಕೆಯನ್ನು ಬಿಳಿಯಕ್ಕ ಎರಡೇ ಬೆರಳಲ್ಲಿ ಹಿಡಿದೆತ್ತಿದಳು. ಬಾವಿಯ ಕಟ್ಟೆ ಕಣ್ಣಮುಂದೆ ಬಂತು, ತಮ್ಮನ ಒಣಗಿದ ತುಟಿ ಬಂತು. ಕಣ್ಣಿಗೆ ಕಾಣದ್ದನ್ನು ಕೊಲ್ಲುತ್ತಲೇ ಬದುಕಿದವಳು, ಇವತ್ತು ಕಣ್ಣಿಗೆ ಕಾಣದ್ದನ್ನೇ ಎಳೆಯ ಬುಡಕ್ಕೆ ಎರೆಯಬೇಕು. ಪಕ್ಕದಲ್ಲಿ ಗಂಡ ಝಾರಿಯ ತಳಕ್ಕೆ ಕೈ ಕೊಟ್ಟ. ಅವಳು ಝಾರಿ ಬಗ್ಗಿಸಿದಳು.

"ಹೋಗ್ರಪ್ಪಾ, ಹೋಗಿ ಸೀಟು ಹಿಡೀರಿ" ಎಂದು ಮೆಲ್ಲಗೆ ಅಂದಳು.

ಕೊನೆಯ ಟ್ರೇಯಲ್ಲಿ ಬೋಳಾದ ಜಾಗದ ಅಂಚಿಗೆ ನಿಂತಿದ್ದ ಸಸಿಯ ಪಕ್ಕ ಒಂದು ಬೆಂಕಿಕಡ್ಡಿ ಚುಚ್ಚಿದಳು. ರೋಗ ಮುಂದೆ ಹೊರಟರೆ ಮೊದಲು ಬೀಳಬೇಕಾದ್ದು ಅದೇ. ಮಾರನೆಯ ಬೆಳಗ್ಗೆ ಅಲ್ಲಿ ಇಲ್ಲಿ ನಾಲ್ಕಾರು ಮಲಗಿದ್ದವು. ಬೆಂಕಿಕಡ್ಡಿಯ ಸಸಿ ನಿಂತಿತ್ತು. ಅದರ ಮರುದಿನ ಬಿದ್ದವು ಇನ್ನೂ ಕಡಿಮೆ. ಆಮೇಲೊಂದು ಬೆಳಗ್ಗೆ ಎಡ ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಬಗ್ಗಿ ಬಗ್ಗಿ ನೋಡಿದಳು. ಒಂದೂ ಹೊಸದಾಗಿ ಮಲಗಿರಲಿಲ್ಲ. ಬೆಂಕಿಕಡ್ಡಿಯ ಸಸಿ ಎರಡು ಹೊಸ ಎಲೆ ಬಿಟ್ಟಿತ್ತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಎಷ್ಟೋ ದಿನದಿಂದ ಒಳಗೇ ಹಿಡಿದಿಟ್ಟುಕೊಂಡಿದ್ದ ಉಸಿರನ್ನೆಲ್ಲ ಬಿಟ್ಟಳು. ಅವತ್ತು ಕಾಫಿ ಎರಡು ಲೋಟ ಕುಡಿದಳು.

ಕೋಸಿನವನು ಗಾಡಿ ತಂದು ಟ್ರೇಗಳನ್ನು ತುಂಬಿಕೊಂಡ. ಒಂದು ಸಸಿ ಎತ್ತಿ ಬೇರು ನೋಡಿದ. ಬೇರು ಬೆಳ್ಳಗೆ ಹೆಣೆದುಕೊಂಡಿತ್ತು. "ಈ ಸಲ ಏನು ಹಾಕಿದ್ರಿ ಅಕ್ಕ?"

"ಹುಳ."

"ಹಾಂ?"

"ಹೆದರಬೇಡ. ಒಳ್ಳೇ ಮನೆತನದ ಹುಳ."

"ಮುಂದಿನ ಬಿತ್ತನೇದೂ ನನಗೇ ಇರಲಿ" ಎಂದು ಅವನು ಗಾಡಿ ಹತ್ತಿದ.

ಗಾಡಿಯನ್ನು ಬೀದಿಯ ತಿರುವಿನವರೆಗೆ ನೋಡುತ್ತ ನಿಂತು ಬಿಳಿಯಕ್ಕ ಹಿತ್ತಲಿಗೆ ಬಂದರೆ, ಬಚ್ಚಲ ಕಲ್ಲಿನ ಮೇಲೆ ನಾಳೆಯಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಕೈಯಲ್ಲಿ ತನ್ನ ಪಾಚಿ ಝಾರಿ, ಇನ್ನೊಂದರಲ್ಲಿ ನಾರು, ಪಕ್ಕದಲ್ಲಿ ಮುಚ್ಚಳ ತೆಗೆದ ಬಿಳಿ ಪುಡಿಯ ಡಬ್ಬಿ.

"ಏನು ಮಾಡ್ತಿದೀರಿ?"

"ಇಷ್ಟು ವರ್ಷದಿಂದ ತೊಳೀರಿ ತೊಳೀರಿ ಅಂತ ಬಡಕೊಳ್ತಿದ್ಯಲ್ಲ. ಇವತ್ತು ಖುಷಿಗೆ ಮನಸ್ಸು ಬಂತು ಕಣೇ."

ಬಿಳಿಯಕ್ಕ ಒಂದೇ ನೆಗೆತಕ್ಕೆ ಹೋಗಿ ಝಾರಿ ಕಿತ್ತುಕೊಂಡು ಎದೆಗವಚಿಕೊಂಡಳು. ಬೆಳ್ಳಗಿನ ಬಟ್ಟೆಗೆ ಹಸಿರು ಪಾಚಿ ಉದ್ದಕ್ಕೂ ಬಳಿದುಕೊಂಡಿತು. ಅವಳು ಅದನ್ನು ನೋಡಲೂ ಇಲ್ಲ.

"ನಾಳೆ ತೊಳೆದ್ರಾಯ್ತು, ಬಿಡ್ರೀ!"