ಆರಾಮಿಲ್ಲದ ಮಾಸ್ತರು

ಗಣೇಶಗುಡಿಯ ಹೊಳೆದಂಡೆಯಲ್ಲಿ ವೀರೇಶನಷ್ಟು ದೊಡ್ಡ ದನಿಯವರು ಇನ್ನೊಬ್ಬರಿರಲಿಲ್ಲ. ಕಾಳಿ ನದಿ ಕಲ್ಲುಗಳ ನಡುವೆ ನುಗ್ಗಿ ಅಬ್ಬರಿಸುವ ಜಾಗದಲ್ಲೂ, ಅವನು ಪ್ರವಾಸಿಗರ ರಬ್ಬರ್ ದೋಣಿಯ, ಅಂದರೆ ರಾಫ್ಟಿನ, ಹಿಂತುದಿಯಲ್ಲಿ ಕೂತು ಹುಟ್ಟು ಹಾಕಿರೆಂದು ಕೂಗಿದರೆ ಮುಂತುದಿಯವರಿಗೆ ಕೇಳಿಸುತ್ತಿತ್ತು. ಹೆದರಿದವರನ್ನು ನಗಿಸುವುದು, ಹಾರಾಡುವವರನ್ನು ಗದರಿಸಿ ಕೂರಿಸುವುದು, ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಬೇಸರವಿಲ್ಲದೆ ಇನ್ನೊಮ್ಮೆ ಹೇಳುವುದು, ಎಲ್ಲವೂ ಅವನಿಗೆ ಸಲೀಸು. ನೀವು ಮಾಸ್ತರಾಗಬೇಕಿತ್ತು ಎಂದು ಪ್ರವಾಸಿಗರು ಹೊಗಳಿದಾಗ ಅವನು ಸುಮ್ಮನೆ ನಗುತ್ತಿದ್ದ. ಏಕೆಂದರೆ ಕಾಗದದ ಮೇಲೆ ಅವನು ಮಾಸ್ತರನೇ ಆಗುತ್ತಿದ್ದ.

ಹಳಿಯಾಳದ ಕಡೆಯ ಒಂದು ಬಿ.ಎಡ್. ಕಾಲೇಜಿನಲ್ಲಿ ಅವನ ಹೆಸರಿತ್ತು. ಕಾಲೇಜಿನ ಹೆಸರು ನಮಗೆ ಬೇಡ. ಬಾರದವರಿಗೂ ಹಾಜರಿ ಹಾಕಿಕೊಡುವ ಉದಾರ ಮನಸ್ಸಿನ ಕಾಲೇಜು ಅದು ಎಂದರೆ ಸಾಕು. ಅವನಂಥ ಬಡವರ ಮನೆಯ ಮಕ್ಕಳು ಶಿಕ್ಷಕರಾಗಲಿ ಎಂದು ಸರ್ಕಾರ ಪ್ರೋತ್ಸಾಹಧನ ಕೊಡುತ್ತಿತ್ತು. ದಿನಾ ತರಗತಿಗೆ ಹೋಗಬೇಕು, ಇಂತಿಷ್ಟು ಕಾಲ ಯಾವುದಾದರೂ ಶಾಲೆಯಲ್ಲಿ ಪಾಠ ಮಾಡಬೇಕು ಎಂಬುದಷ್ಟೇ ಅದರ ಕರಾರು. ಮುಂಡಗೋಡ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಅವನನ್ನು ಹಾಕಿದ್ದರು. ಅಲ್ಲಿನ ಹೆಡ್‌ಮಾಸ್ತರ ಈಶಪ್ಪ ಅವನಿಗೆ ದೂರದ ಸಂಬಂಧಿ. ನೀನು ಬಂದರೂ ಅಷ್ಟೆ, ಬಾರದಿದ್ದರೂ ಅಷ್ಟೆ, ಸಹಿ ನಾನು ಹಾಕುತ್ತೇನೆ ಎಂದು ಅವರೇ ಧೈರ್ಯ ಕೊಟ್ಟಿದ್ದರು. ವೀರೇಶ ಬಾರದಿರುವುದನ್ನೇ ಆರಿಸಿಕೊಂಡ. ಅತ್ತ ಸರ್ಕಾರದ ಹಣ, ಇತ್ತ ರಾಫ್ಟಿನ ಸಂಬಳ. ಎಲ್ಲರೂ ಮಾಡುವುದು ಇದನ್ನೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ಮತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದ.

ಅವನ ಅವ್ವ ಕಾಶೆವ್ವನಿಗೆ ಇದೇನೂ ಗೊತ್ತಿರಲಿಲ್ಲ. ಮೊದಲ ಸಲ ಹಣ ಬಂದಾಗ ಅವಳು ಮಗನನ್ನು ಹಳಿಯಾಳ ಪೇಟೆಗೆ ಎಳೆದುಕೊಂಡು ಹೋಗಿ ಎರಡು ಬಿಳಿ ಅಂಗಿ ಹೊಲಿಸಿದ್ದಳು. ಮಾಸ್ತರ ಅಂದ ಮೇಲೆ ಹುಡುಗರ ಕಣ್ಣಿಗೆ ಚೊಕ್ಕಟ ಕಾಣಬೇಕು ಎಂಬುದು ಅವಳ ಲೆಕ್ಕ. ಆ ಅಂಗಿಗಳು ಗಣೇಶಗುಡಿಯ ಬಾಡಿಗೆ ಕೋಣೆಯ ಟ್ರಂಕಿನಲ್ಲಿ ಮಡಿಕೆ ಮುರಿಯದೆ ಬಿದ್ದಿದ್ದವು.

ಜನವರಿಯ ಒಂದು ಶನಿವಾರ ಬೆಳಿಗ್ಗೆ ದಂಡೆಯ ಮೇಲೆ ಒಂದು ಟೆಂಪೊ ಬಂದು ನಿಂತಿತು. ಅದರ ಮುಂದೆ ಕಟ್ಟಿದ್ದ ಬ್ಯಾನರಿನಲ್ಲಿ ಶಾಲೆಯ ಹೆಸರು ಓದಿದ ವೀರೇಶ ಹೆಲ್ಮೆಟ್ಟನ್ನು ಹಣೆಯ ಮೇಲೆ ಎಳೆದುಕೊಂಡ. ಅದೇ ಶಾಲೆ. ಏಳನೇ ತರಗತಿಯ ಮಕ್ಕಳು ಪ್ರವಾಸಕ್ಕೆ ಬಂದಿದ್ದರು. ಪುಣ್ಯಕ್ಕೆ ಈಶಪ್ಪ ಬಂದಿರಲಿಲ್ಲ. ಜೊತೆಗಿದ್ದವರು ವಿದ್ಯಾವತಿ ಟೀಚರ್. ಅವರಿಗೆ ಅವನ ಹೆಸರು ಗೊತ್ತಿತ್ತೇ ಹೊರತು ಮುಖ ಕಂಡವರಲ್ಲ. ಹೊಟ್ಟೆನೋವೆಂದು ಹೇಳಿ ಜಾರಿಕೊಳ್ಳಲು ನೋಡಿದ, ಆದರೆ ಇದ್ದ ಎರಡು ರಾಫ್ಟಿಗೆ ಇದ್ದವರು ಇಬ್ಬರೇ ಗೈಡುಗಳು. ಇನ್ನೊಬ್ಬ ದಾಂಡೇಲಿಯ ಮುಷರಫ. ವೀರೇಶ ಅವನನ್ನು ಮರೆಗೆ ಕರೆದು, ಇವತ್ತೊಂದು ದಿನ ನನ್ನ ಹೆಸರು ಕಿರಣ ಎಂದ. ಮುಷರಫ ಕಾರಣ ಕೇಳಲಿಲ್ಲ. ಯಾವುದೋ ಹುಡುಗಿಯ ವಿಷಯವಿರಬೇಕೆಂದು ನಕ್ಕು ಸುಮ್ಮನಾದ.

ವೀರೇಶನ ರಾಫ್ಟಿಗೆ ಏಳು ಮಕ್ಕಳು ಹತ್ತಿದರು, ಟೀಚರೂ ಅದಕ್ಕೇ ಬಂದರು. ರಾಜಶ್ರೀ ಎಂಬ ಹುಡುಗಿ ಒಂದು ಬಟ್ಟೆಯ ಚೀಲವನ್ನು ಎದೆಗವಚಿಕೊಂಡಿದ್ದಳು. ದಂಡೆಯಲ್ಲೇ ಇಟ್ಟು ಬಾ ಎಂದರೆ ಒಪ್ಪಲಿಲ್ಲ. ಕೊನೆಗೆ ಅವನೇ ಅದನ್ನು ರಾಫ್ಟಿನ ಹಗ್ಗಕ್ಕೆ ಬಿಗಿದುಕೊಟ್ಟ.

ನೀರಿಗಿಳಿದ ಮೇಲೆ ಅವನ ಹೆದರಿಕೆ ಹೋಯಿತು. ನೀರು ಹೆದರಿಕೆ ತೊಳೆಯುತ್ತದೆ ಎಂದಲ್ಲ. ಮಕ್ಕಳು ಅಷ್ಟು ಚೆನ್ನಾಗಿ ಕಲಿಯುತ್ತಿದ್ದರು. ಅವನು ಕೂಗಿದ ಮಾತನ್ನು ತಿರುಗಿ ಕೂಗುತ್ತ ಒಂದೇ ಸಮನೆ ಹುಟ್ಟು ಹಾಕಿದರು. ಎಡಗಡೆಯವರು ಜೋರಾಗಿ ಹಾಕಿದರೆ ರಾಫ್ಟು ಬಲಕ್ಕೆ ಯಾಕೆ ತಿರುಗುತ್ತದೆ ಎಂದು ಅವನು ಕೇಳಿದ. ರಾಜಶ್ರೀ ಸ್ವಲ್ಪ ಹೊತ್ತು ತನ್ನ ಹುಟ್ಟನ್ನೇ ನೋಡಿ, ಎರಡೂ ಕಡೆಯ ಬಲ ಸರಿಸಮ ಇಲ್ಲವಲ್ಲ ಎಂದಳು. ವೀರೇಶನಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಪ್ರವಾಸಿಗರನ್ನು ಹೊತ್ತು ತಿರುಗಿದರೂ ಇಂಥ ಸಂತೋಷ ಅವನಿಗೆ ಆಗಿರಲಿಲ್ಲ.

ಆ ಸಂತೋಷದಲ್ಲಿ ನಾಲಿಗೆ ಜಾರಿತು. ಇಷ್ಟು ಜಾಣರಿದ್ದೀರಿ, ನಿಮಗೆ ಗಣಿತ ಕಲಿಸುವವರು ಯಾರು ಎಂದು ಕೇಳಿಬಿಟ್ಟ.

"ವೀರೇಶ ಸರ್ ಅಂತ ಅದಾರ್ರಿ ಅಣ್ಣಾ," ಎಂದಳು ರಾಜಶ್ರೀ. "ಮೂರನೇ ಪಿರೇಡ್ ಅವರದ. ಆದ್ರ ಒಂದಿನಾನೂ ಸಾಲಿಗೆ ಬಂದಿಲ್ರಿ. ಅವರಿಗೆ ಆರಾಮಿಲ್ಲಂತ, ನಮ್ಮ ಟೀಚರ್ ಹೇಳ್ಯಾರ."

ವಿದ್ಯಾವತಿ ಟೀಚರ್ ಮುಖವನ್ನು ನೀರಿನ ಕಡೆ ತಿರುಗಿಸಿಕೊಂಡರು. ಪಾಪ, ಅವರಾದರೂ ಏನು ಹೇಳಬೇಕಿತ್ತು? ನಿಮ್ಮ ಮಾಸ್ತರು ಸಹಿಯಲ್ಲಿ ಮಾತ್ರ ಇದ್ದಾರೆ ಎಂದು ಮಕ್ಕಳಿಗೆ ಹೇಳಲಾದೀತೇ?

ಮಕ್ಕಳಿಗೆ ಮಾತ್ರ ಈಗ ಬಾಯಿ ಬಂದಿತ್ತು. ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಮೂರನೇ ಪಿರೇಡಿನಲ್ಲಿ ತಾವು ಗದ್ದಲ ಮಾಡುವುದಿಲ್ಲವಂತೆ. ಎಲ್ಲರೂ ಕಣ್ಣು ಮುಚ್ಚಿ ಸರ್ ಬೇಗ ಗುಣವಾಗಲಿ ಎಂದು ಬೇಡಿಕೊಂಡ ಮೇಲೆ, ರಾಫ್ಟಿನ ಮುಂತುದಿಯಲ್ಲಿದ್ದ ರೋಹಿತ ಹಲಗೆಯ ಮೇಲೆ ಬರೆದ ಲೆಕ್ಕ ಬಿಡಿಸಲು ನೋಡುತ್ತಾರಂತೆ. ಅರ್ಧಕ್ಕರ್ಧ ಬರುವುದೇ ಇಲ್ಲವಂತೆ. ಅವರಲ್ಲೊಬ್ಬನಾದ ಮಜೀದ ತನ್ನ ಅಮ್ಮನ ಜೊತೆ ದರ್ಗಾಕ್ಕೆ ಹೋಗಿ ಸರ್ ಹೆಸರಿನಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬಂದಿದ್ದನಂತೆ. ರಾಜಶ್ರೀಯ ಅಜ್ಜಿ ಗುರುಬಸವ್ವ, ದೊಡ್ಡ ಹೊಳೆಗೆ ಹೋಗುತ್ತಿದ್ದೀರಲ್ಲ, ಹೊಳೆಯವ್ವನಿಗೆ ಒಂದು ಕಾಯಿ ಬಿಟ್ಟು ಬನ್ನಿ ಎಂದು ಕೊಟ್ಟು ಕಳಿಸಿದ್ದಳಂತೆ.

ವೀರೇಶ ತನ್ನ ತೋಳು ನೋಡಿಕೊಂಡ. ಬಿಸಿಲಿಗೆ ಮಿರಿಮಿರಿ ಮಿಂಚುವ ಗಟ್ಟಿಮುಟ್ಟು ತೋಳು. ಒಂದು ನೆಗಡಿಯೂ ಬಾರದ ಮೈ. ಅದನ್ನು ಎಲ್ಲಿ ಅಡಗಿಸಬೇಕೋ ತಿಳಿಯಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನೋಣವೆಂದರೆ ಕೆಳಗೆ ಭೂಮಿಯೂ ಇರಲಿಲ್ಲ. ಸರ್ಕಾರಕ್ಕೆ ಮೋಸ ಮಾಡುತ್ತಿದ್ದೇನೆ ಎಂದು ಅವನಿಗೆ ಒಳಗೊಳಗೇ ಗೊತ್ತಿತ್ತು. ಸರ್ಕಾರಕ್ಕೆ ಮುಖವಿಲ್ಲವಾದ್ದರಿಂದ ಅದು ಅಷ್ಟೇನೂ ಚುಚ್ಚಿರಲಿಲ್ಲ. ಈಗ ಏಳು ಮುಖಗಳು ಅವನನ್ನೇ ನೋಡುತ್ತಿದ್ದವು.

ನೀರು ನಿಧಾನವಾಗಿ ಹರಿಯುವ ಜಾಗ ಬಂತು. ರಾಜಶ್ರೀ ಚೀಲ ಬಿಚ್ಚಿ ಅರಿಶಿನ ಹಚ್ಚಿದ ತೆಂಗಿನಕಾಯಿ ತೆಗೆದು ಅವನ ಕೈಗಿಟ್ಟಳು.

"ನೀವ ಬಿಡ್ರಿ ಅಣ್ಣಾ. ನಿಮಗ ಹೊಳಿ ಗುರ್ತ ಐತಿ. ಸರ್ ಹೆಸರ ಜೋರಾಗಿ ಹೇಳಿ ಬಿಡ್ರಿ. ನಿಮ್ಮ ದನಿ ದೊಡ್ಡದೈತಿ, ಹೊಳಿಯವ್ವಗ ಕೇಳಸ್ತೈತಿ."

ಸುಮ್ಮನೆ ಬಿಟ್ಟುಬಿಡಬಹುದಿತ್ತು. ವೀರೇಶ ಎಂಬ ಯಾರೋ ಒಬ್ಬನಿಗೆ ಆರಾಮಾಗಲಿ ಎಂದು ಕೂಗಿ ಕಾಯಿ ನೀರಿಗೆ ಹಾಕಿದರೆ ಮಕ್ಕಳು ಕೈಮುಗಿಯುತ್ತಿದ್ದರು, ಟೆಂಪೊ ಹೊರಟುಹೋಗುತ್ತಿತ್ತು, ಮುಂದಿನ ಕಂತಿನ ಹಣ ಬರುತ್ತಿತ್ತು. ಅವನು ಬಾಯಿ ತೆರೆದ. ದನಿ ಹೊರಡಲಿಲ್ಲ.

ಅಣ್ಣ ಹೆಸರು ಮರೆತನೆಂದು ಮಕ್ಕಳು ತಿಳಿದರು. "ವೀರೇಶ ಸರ್ ರೀ," ಎಂದು ಮಜೀದ ಮೆಲ್ಲಗೆ ಹೇಳಿಕೊಟ್ಟ. ಆಗಿನಿಂದ ಅಣ್ಣ ತಮಗೆ ಹೇಳಿಕೊಟ್ಟ ಹಾಗೆಯೇ, ಹುಡುಗ ಬೇಸರವಿಲ್ಲದೆ ಇನ್ನೊಮ್ಮೆ ಹೇಳಿದ.

ವೀರೇಶ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ತಲೆಯಿಂದ ತೆಗೆದ.

"ವೀರೇಶ ಅಂದ್ರ ನಾನ," ಎಂದ.

ವಿದ್ಯಾವತಿ ಟೀಚರ್ ತಲೆ ತಗ್ಗಿಸಿದರು. ಬೈಗುಳಕ್ಕೆ ಅವನು ತಯಾರಾಗಿದ್ದ. ಸುಳ್ಳ, ಕಳ್ಳ, ಏನೆಂದರೂ ಕೇಳಿಸಿಕೊಳ್ಳಬಹುದಿತ್ತು. ನಾಳೆ ಈಶಪ್ಪನ ಸಹಿಯ ಗುಟ್ಟು ಬಯಲಾಗಲಿ, ಸರ್ಕಾರದ ಹಣ ನಿಲ್ಲಲಿ, ಅದನ್ನೂ ತಾಳಿಕೊಳ್ಳಬಹುದಿತ್ತು. ಮಜೀದ ಅವನ ಮುಖವನ್ನು ಹತ್ತಿರದಿಂದ ನೋಡಿದ. ನೋಡನೋಡುತ್ತ ಹುಡುಗನ ಮುಖ ಅರಳಿತು.

"ಹಂಗಾರ ಆರಾಮ ಆತೇನ್ರಿ ಸರ್?"

ರಾಫ್ಟಿನ ತುಂಬ ಮಕ್ಕಳು ಚಪ್ಪಾಳೆ ತಟ್ಟಿದರು. ದರ್ಗಾದ ಸಕ್ಕರೆ ಸುಳ್ಳಾಗಲಿಲ್ಲ ನೋಡು ಎಂದ ಒಬ್ಬ. ರಾಜಶ್ರೀ ಕಾಯಿಯ ಕಡೆ ಕೈ ತೋರಿಸಿ, ಹರಕೆ ಮುಟ್ಟಿತು, ಈಗ ಇದನ್ನು ಸಂತೋಷಕ್ಕೆ ಬಿಡೋಣ ಎಂದಳು. ಆಮೇಲೆ ಏನೋ ನೆನಪಾದವಳಂತೆ ಅವನ ಕಡೆ ತಿರುಗಿದಳು.

"ಸೋಮವಾರ ಮೂರನೇ ಪಿರೇಡಿಗೆ ಬರ್ತೀರಲ್ರಿ ಸರ್?"

ವೀರೇಶನಿಗೆ ಅವಳ ಕಣ್ಣು ನೋಡಲಾಗಲಿಲ್ಲ. ಕಾಯಿಯ ಅರಿಶಿನ ಅವನ ಒದ್ದೆ ಕೈಗೆಲ್ಲ ಹತ್ತಿತ್ತು. ಟ್ರಂಕಿನಲ್ಲಿದ್ದ ಬಿಳಿ ಅಂಗಿ ನೆನಪಾಯಿತು, ಅದನ್ನು ಹೊಲಿಸಿದ ಅವ್ವ ನೆನಪಾದಳು.

"ಬರ್ತೇನಿ," ಎಂದ.

ಮುಂತುದಿಯಲ್ಲಿ ಕೂತಿದ್ದ ರೋಹಿತನಿಗೆ ಆ ದೊಡ್ಡ ದನಿಯೂ ಈಗ ಕೇಳಿಸಲಿಲ್ಲ. ಸರ್ ಏನಂದರು ಎಂದು ಅವನು ಪಕ್ಕದವನನ್ನು ಕೇಳಿದ.