ಎತ್ತಿದ ತೂಬು

"ಏಯ್ ಬೋಸುಡಿ, ಹತ್ತೇ ಮೇಲಕ್ಕೆ! ಕೆರೆ ಒಳಗೇ ಮಾಡ್ಕಂಡ್ಯೇನೇ? ನಿಮ್ಮಪ್ಪನ ಮನೆ ಕಕ್ಕಸ್ಸು ಅನ್ಕಂಡ್ಯಾ? ಸಂಜೆ ಲಾರಿ ಬತ್ತದೆ. ಒಂದು ಸಿಗಡಿ ಸತ್ರೂ ನಿನ್ನ ಚರ್ಮ ಸುಲಿದ್ಬಿಡ್ತೀನಿ!"

ಏರಿಯ ಮೇಲೆ ಕೊಡೆ ಹಿಡಿದು ಹೀಗೆ ಅರಚುತ್ತಿದ್ದವನು ಮೇಸ್ತ್ರಿ ಗೋಲಕ್ ಬಾಬು. ಬೈಸಿಕೊಳ್ಳುತ್ತಿದ್ದವಳು ನನ್ನ ಮಗಳು ಬಾತಾಸಿ. ಸಿಗಡಿ ಸಾಕುವ ಕೆರೆಯ ಎದೆಮಟ್ಟದ ಉಪ್ಪುನೀರಿನಲ್ಲಿ ನಾವು ಹನ್ನೊಂದು ಹೆಂಗಸರು ಪಾಚಿ ಕೀಳುತ್ತಿದ್ದೆವು. ಹದಿನೇಳರ ಹುಡುಗಿ ಬೆಳಗಿನಿಂದ ನಾಲ್ಕು ಸಲ ಏರಿ ಹತ್ತಿ ಇಳಿದಿದ್ದಳು. ಐದನೆಯ ಸಲ ಕಾಲು ಬರಲಿಲ್ಲ.

ತೋಳು ಹಿಡಿದು ಎಳೆದೆ. ಅವಳ ಸೀರೆಯಿಂದ ಇಳಿಯುತ್ತಿದ್ದುದು ಅಕ್ಕಿ ತೊಳೆದ ನೀರಿನ ಹಾಗಿತ್ತು. ನಮ್ಮ ದ್ವೀಪದಲ್ಲಿ ಆ ಬಣ್ಣ ಕಂಡವರು ಯಾರೂ ಏನಾಯಿತೆಂದು ಕೇಳುವುದಿಲ್ಲ.

"ಓಲಾಬಿಬಿ ಬಂದವ್ಳೆ," ಅಂದಳು ಪಕ್ಕದಲ್ಲಿದ್ದ ಶೈಲೊ. ವಾಂತಿಭೇದಿಯ ತಾಯಿಯ ಹೆಸರು ಹೇಳಿ ಕೈಮುಗಿದು ಮೂರು ಹೆಜ್ಜೆ ಹಿಂದೆ ಸರಿದಳು. ಹತ್ತು ವರ್ಷ ನನ್ನೊಂದಿಗೆ ಒಂದೇ ಎಲೆಯಲ್ಲಿ ಉಂಡವಳು. ನಾನು ಅವಳನ್ನು ಬೈಯಲಿಲ್ಲ, ಬೈಯಲು ಹೊತ್ತೂ ಇರಲಿಲ್ಲ.

ಏರಿಯ ತುದಿಯಲ್ಲಿ ಕೆರೆಯ ಮಾಲೀಕ ಹಾಕಿಸಿಕೊಟ್ಟ ಗುಡಿಸಲು ನಮ್ಮದು, ಮಗಳನ್ನು ಅಲ್ಲಿಗೆ ಹೊತ್ತೊಯ್ದೆ. ಸುದ್ದಿ ಕೇಳಿ ಆರೋಗ್ಯ ಇಲಾಖೆಯ ದೀದಿ ರೆಹೆನಾ ಕೆಸರು ತುಳಿಯುತ್ತಾ ಓಡಿ ಬಂದಳು. ಸೊಂಟದ ಮೇಲೆ ತನ್ನ ಮನೆಯದೇ ಒಂದು ಕೊಡ ಸಿಹಿನೀರು.

"ಯಾವ ನೀರು ಕುಡುದ್ರಿ ಖೇಂತಿ ಮಾಸಿ?"

"ಕಾಲುವೇದು. ಹಳೇ ಸೀರೇನ ನಾಕು ಮಡಿಕೆ ಮಾಡಿ ಸೋಸಿದ್ದೆ ದೀದಿ."

"ಮಾಲೀಕರ ಕೈಪಂಪು?"

"ಎರಡು ದಿನದಿಂದ ಸರಪಳಿ ಹಾಕವ್ರೆ. ಸಿಗಡಿ ತೊಳೆಯಕ್ಕೆ ನೀರು ಬೇಕಂತೆ."

ಬೇರೆ ದಿನವಾದರೆ ನಮ್ಮ ಕಾವೊರಾ ಜಾತಿಯ ಜನಕ್ಕೆ ನಸುಕಿನಲ್ಲಿ ಒಂದು ಗಳಿಗೆ ಸಿಗುತ್ತಿತ್ತು, ಅದೂ ಮೇಲ್ಜಾತಿಯವರ ಕೊಡ ತುಂಬಿದ ಮೇಲೆ. ರೆಹೆನಾ ಹಲ್ಲು ಕಚ್ಚಿ ಪೊಟ್ಟಣ ಹರಿದು ತಂಬಿಗೆಯಲ್ಲಿ ಕದಡಿದಳು. ಉಪ್ಪು, ಸಕ್ಕರೆ ಎಲ್ಲಾ ಇರುವ ಪುಡಿ.

"ಕೇಳು ಮಾಸಿ. ಈ ಹುಳ ನಿನ್ನ ಮಗಳನ್ನ ತಿನ್ನಲ್ಲ. ಕರುಳಲ್ಲಿ ಕೂತ್ಕಂಡು ವಿಷ ಉಗುಳ್ತದೆ. ಆ ವಿಷ ಕರುಳಿನ ತೂಬು ಎತ್ತಿಬುಡ್ತದೆ. ಮೈಯ ನೀರೆಲ್ಲಾ ಆ ತೂಬಲ್ಲಿ ಹರಿದೋಯ್ತದೆ."

ಚಾಪೆಯ ಮೇಲಿದ್ದ ಬಾತಾಸಿ ಕಣ್ಣು ಬಿಟ್ಟಳು. "ಹಂಗಾರೆ ನನ್ನೊಳಗೂ ಒಂದು ಕೆರೆ ಐತೆ ಅನ್ನು. ಗೋಲಕ್ ಬಾಬುಗೆ ಹೇಳ್ಬ್ಯಾಡಿ, ಅಲ್ಲೂ ಸಿಗಡಿ ಬುಟ್ಟಾನು."

ನಾವು ಮೂವರೂ ನಕ್ಕೆವು. ಸಾಯುವ ರೋಗ ಹತ್ತಿದವಳು ನಗಿಸಿದರೆ ಎಷ್ಟು ಧೈರ್ಯ ಬರುತ್ತದೆ ಗೊತ್ತೆ?

"ಹೋದಷ್ಟೂ ತುಂಬ್ತಾನೇ ಇರು," ಅಂದಳು ರೆಹೆನಾ. "ಕಕ್ಕಿದ್ರೂ ಕೊಡು, ಹೊರಗೋದ್ರೂ ಕೊಡು. ಈಗ ಇಳಿತ, ದೋಣಿ ಕೆಸರಲ್ಲಿ ಕೂತದೆ. ಉಬ್ಬರ ಬಂದೇಟ್ಗೆ ದೋಣಿ ತತ್ತೀನಿ, ಆಸ್ಪತ್ರೆಗೆ ಹೋಗಾನ. ಅಲ್ಲೀಗಂಟ ನಿನ್ನ ಕೈ ನಿಲ್ಲಬಾರ್ದು."

ಅವಳು ದೋಣಿಯವನನ್ನು ಹುಡುಕಿ ಹೊರಟಳು. ನಾನು ಕೈ ನಿಲ್ಲಿಸಲಿಲ್ಲ. ಗುಟುಕು ಗುಟುಕಾಗಿ ಕುಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಮಗಳ ದನಿ ಗಟ್ಟಿಯಾಯಿತು, ಮಂಡಕ್ಕಿ ತಿನ್ನಬೇಕು ಅಂದಳು. ನನಗೆ ಹೋದ ಜೀವ ಬಂದಂತಾಯಿತು.

ಆಗ ಗೋಲಕ್ ಬಾಬು ಬಂದ. ಮೂಗಿಗೆ ಟವೆಲ್ ಕಟ್ಟಿಕೊಂಡು ಹೊಸಿಲಾಚೆ ನಿಂತ.

"ತೂಬು ಎತ್ತೋ ಹೊತ್ತು, ಖೇಂತಿ. ಬಾ."

"ಮಗೀಗೆ ಹಿಂಗಾಗದೆ ಬಾಬು, ಹೆಂಗೆ ಬುಟ್ಟು ಬರ್ಲಿ?"

"ಬಲೆ ಬಾಯಿ ಹಿಡಿಯಾಕೆ ನಿನ್ನಂಗೆ ಯಾರಿಗೆ ಬತ್ತದೆ? ಇವತ್ತಿನ ಹುಣ್ಣಿಮೆಯ ದೊಡ್ಡ ಇಳಿತ ತಪ್ಪುದ್ರೆ ಅಮಾಸೆಗಂಟ ಇನ್ನು ಹದಿನೈದು ದಿನ. ತಗಾ, ಮಾಲೀಕರು ಮಗನಿಗೆ ಅಂತ ತರಿಸಿದ್ದು."

ಒಂದು ಮಾತ್ರೆ ಒಳಕ್ಕೆ ಎಸೆದ. ನನ್ನ ಕೈಗೆ ಕೊಟ್ಟರೆ ಅವನ ಕೈ ಮೈಲಿಗೆ. ಒಲೆಯ ಬೂದಿಯಲ್ಲಿ ಬಿದ್ದದ್ದನ್ನು ಹೆಕ್ಕಿ ಒರೆಸಿಕೊಂಡೆ.

"ಒಂದೇ ಗಂಟೇಲಿ ಹುಳ ಎಲ್ಲಾ ಸತ್ತೋಯ್ತವೆ. ಹುಳ ಸತ್ಮ್ಯಾಲೆ ನೀರು ಯಾತಕ್ಕೆ? ಸುರಿದಷ್ಟೂ ಸುರೀತದೆ. ಹೊಟ್ಟೆ ಒಣಗ್ಲಿ ಬುಡು."

"ದೀದಿ ಬೇರೆ ಥರ ಹೇಳವ್ಳೆ..."

"ಆ ದೀದಿ ಗುಡಿಸಲು ಹಾಕ್ಸಿಕೊಡ್ತಾಳಾ? ಸಂಜೆ ಒಳಗೆ ಪಾತ್ರೆಪಗಡ ಆಚೆ ಎಸಿತೀನಿ, ಕಾವೊರಾ ಮುಂಡೆ. ಅವಳ ಮನೆಗೇ ಹೋಗಿರು."

ಗುಡಿಸಲಿನ ಭಯಕ್ಕೆ ಹೋದೆ ಅಂದರೆ ಸುಳ್ಳಾಗುತ್ತದೆ. ನಾನು ನಂಬಿದೆ. ಹುಳ ಸತ್ತ ಮೇಲೆ ಇನ್ನೇನು ರೋಗ ಎಂದುಕೊಂಡೆ. ಭೇದಿಯಾದವರಿಗೆ ನೀರು ಕೊಡಬಾರದು, ಹೊಟ್ಟೆ ಒಣಗಿಸಬೇಕು ಎಂದು ನನ್ನ ತಾಯಿ ಹೇಳುತ್ತಿದ್ದಳು, ಅವಳ ತಾಯಿಯೂ. ದೀದಿಯ ಮಾತು ಅರ್ಧ ದಿನದ್ದು, ಇದು ತಲೆತಲಾಂತರದ್ದು. ಮಾತ್ರೆ ನುಂಗಿಸಿದೆ. ನಾನಿಲ್ಲದಾಗ ಕುಡಿದುಬಿಡುತ್ತಾಳೆಂದು ತಂಬಿಗೆಯನ್ನು ಎತ್ತಿ ಅಟ್ಟದ ಮೇಲಿಟ್ಟೆ. ಈ ಹಾಳು ಕೈಯಿಂದಲೇ ಇಟ್ಟೆ.

"ಮಾ, ಇನ್ನೊಂದು ಗುಟುಕು ಕೊಟ್ಟೋಗು."

"ಹುಳ ಸಾಯ್ತಾ ಅವೆ ಕಣವ್ವ. ಹೊಟ್ಟೆ ಒಣಗ್ಲಿ. ಬಂದು ಕೊಡ್ತೀನಿ."

"ಒಂದೇ ಒಂದು, ಮಾ."

"ಹಟ ಮಾಡ್ಬ್ಯಾಡ!" ಎಂದು ಗದರಿದೆ. ಅವಳೊಂದಿಗೆ ನಾನು ಆಡಿದ ಕೊನೆಯ ಮಾತು ಅದು.

ಹಾರೆ ಹಾಕಿ ತೂಬಿನ ಹಲಗೆ ಎತ್ತಿದೆವು. ಕೆರೆಯ ನೀರು ನದಿಗೆ ನುಗ್ಗಿತು, ತೂಬಿಗೆ ಕಟ್ಟಿದ ಬಲೆಯಲ್ಲಿ ಸಿಗಡಿ ತುಂಬಿತು. ಮೂರು ಗಂಟೆ ಹೊತ್ತು ಬಲೆಯ ಬಾಯಿ ಹಿಡಿದು ನಿಂತೆ. ಕೆರೆಯ ತಳ ಕಂಡಿತು. ಒಳ್ಳೆಯ ಬೆಳೆ ಎಂದು ಗೋಲಕ್ ಬಾಬು ಬೀಡಿ ಹಚ್ಚಿದ. ನಾನು ಮಂಡಕ್ಕಿ ಕೊಳ್ಳಲು ಅಂಗಡಿಗೆ ಹೋಗಿ, ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಬಾತಾಸಿ ಚಾಪೆಯ ಮೇಲೆ ಇರಲಿಲ್ಲ. ಚಾಪೆಯಿಂದ ಅಟ್ಟದ ಕಂಬದವರೆಗೆ ಒದ್ದೆ ನೆಲದಲ್ಲಿ ತೆವಳಿದ ಗುರುತಿತ್ತು. ಕಂಬಕ್ಕೆ ಒರಗಿದ್ದಳು, ಒಂದು ಕೈ ಮೇಲಕ್ಕೆ ಕಂಬವನ್ನು ಹಿಡಿದಿತ್ತು. ಕಣ್ಣು ಗುಳಿ ಬಿದ್ದಿದ್ದವು. ಬೆರಳುಗಳು ಮೂರು ಗಂಟೆ ನೀರಲ್ಲಿ ನಿಂತ ನನ್ನ ಬೆರಳಿಗಿಂತ ಹೆಚ್ಚು ಸುಕ್ಕಾಗಿದ್ದವು. ಕರೆದೆ, ಅಲುಗಾಡಿಸಿದೆ. ಮೈ ತಣ್ಣಗಿತ್ತು.

ಉಬ್ಬರದ ಜೊತೆಗೆ ದೋಣಿ ಬಂತು. ರೆಹೆನಾ ಒಳಗೆ ಬಂದು ಮೊದಲು ಮಗಳನ್ನು ನೋಡಿದಳು, ಆಮೇಲೆ ಅಟ್ಟದ ಮೇಲಿನ ತಂಬಿಗೆಯನ್ನು.

"ಹುಳ ಸತ್ತದೆ ಅಂದ್ರು ದೀದಿ. ಮಾತ್ರೆ ಕೊಟ್ಟೆ. ಹುಳ ಸತ್ತಿಲ್ವಾ?"

"ಸತ್ತಿರ್ತದೆ ಮಾಸಿ." ಅವಳು ಬಾತಾಸಿಯ ಕಣ್ಣು ಮುಚ್ಚಿದಳು. "ಆದ್ರೆ ಅದು ಉಗುಳಿದ ವಿಷ ಕರುಳಿಗೆ ಕಚ್ಕಂಡಿರ್ತದೆ. ತೂಬು ಎತ್ತಿದವನು ಸತ್ರೆ ತೂಬು ತಾನಾಗಿ ಇಳಿತದಾ? ಇನ್ನೊಂದು ದಿನ, ಎರಡು ದಿನ ನೀರು ಕೊಟ್ಟಿದ್ರೆ..." ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು.

ನನಗೆ ಅಳು ಬರಲಿಲ್ಲ. ತಂಬಿಗೆ ಇಳಿಸಿ, ಬಾಯಿಗೆ ಬಟ್ಟೆ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಗಳನ್ನು ಹೆಗಲಿಗೆ ಹಾಕಿಕೊಂಡೆ. ಹಗುರಾಗಿದ್ದಳು, ಅವಳ ನೀರೆಲ್ಲಾ ಹೋಗಿತ್ತಲ್ಲ. ತೂಬಿನ ಪಕ್ಕ ಬಿದ್ದಿದ್ದ ಹಾರೆಯನ್ನು ಎತ್ತಿಕೊಂಡು ಮಾಲೀಕನ ಅಂಗಳಕ್ಕೆ ನಡೆದೆ.

ಅಲ್ಲಿ ಲಾರಿ ನಿಂತಿತ್ತು. ಕೈಪಂಪಿನ ಕಟ್ಟೆಯ ತುಂಬ ತೊಳೆದ ಸಿಗಡಿಯ ಬುಟ್ಟಿಗಳು, ಮತ್ತೆ ಬೀಗ ಬಿದ್ದ ಸರಪಳಿ. ಕಾಲಿನಿಂದ ಬುಟ್ಟಿಗಳನ್ನು ದೂಡಿ ಬಾತಾಸಿಯನ್ನು ಕಟ್ಟೆಯ ಮೇಲೆ ಮಲಗಿಸಿದೆ.

"ಅಯ್ಯೋ ಹಡಬೆ, ಹೆಣ ತಂದ್ಯೇನೇ! ಮಾಲು ತೊಳಿಯೋ ಜಾಗ ಕಣೇ ಅದು! ಹಿಡ್ಕಳ್ರೋ ಅವಳ್ನ!" ಗೋಲಕ್ ಬಾಬು ಲಾರಿಯ ಪಕ್ಕದಿಂದ ಅರಚಿದ.

ಯಾರೂ ಹಿಡಿಯಲಿಲ್ಲ. ನನ್ನ ಕೈಯಲ್ಲಿ ಹಾರೆಯಿತ್ತು, ಮಗಳಿಗೆ ಮುಟ್ಟಿದರೆ ಅಂಟುವ ರೋಗವಿತ್ತು. ಮೂರನೆಯ ಏಟಿಗೆ ಸರಪಳಿ ಕಳಚಿ ಬಿತ್ತು.

ಹಿಡಿ ಒತ್ತಿದೆ, ನೀರು ಬಂತು. ತಣ್ಣಗಿನ ಸಿಹಿನೀರು. ತಲೆಯಿಂದ ಕಾಲಿನವರೆಗೂ ಮೀಯಿಸಿದೆ. ನನ್ನ ಹಿಂದೆಯೇ ಬಂದಿದ್ದ ರೆಹೆನಾ ರೋಗ ಹರಡದಿರಲೆಂದು ಚೀಲದಿಂದ ಬ್ಲೀಚಿಂಗ್ ಪುಡಿ ತೆಗೆದು ಕಟ್ಟೆಯ ಸುತ್ತ ಚೆಲ್ಲತೊಡಗಿದಳು. ನನ್ನ ತೋಳು ಸೋತಾಗ ಇನ್ನೊಂದು ಕೈ ಬಂದು ಪಂಪಿನ ಹಿಡಿಯನ್ನು ಹಿಡಿಯಿತು. ಶೈಲೊ. ನನ್ನ ಮುಖ ನೋಡದೆ ಒತ್ತತೊಡಗಿದಳು.

"ನಿಲ್ಲಿಸ್ರೇ! ನಿಲ್ಲಿಸ್ರೇ ಮುಂಡೇರಾ!"

ನಾನು ಸೊಂಟದ ತಂಬಿಗೆ ತೆಗೆದು ಬಾತಾಸಿಯ ತುಟಿ ಬಿಡಿಸಿ ಒಂದು ಗುಟುಕು ಬಿಟ್ಟೆ. ಕಟವಾಯಿಯಿಂದ ಹರಿದುಹೋಯಿತು. ಇನ್ನೊಂದು ಬಿಟ್ಟೆ. ಅದೂ ಹರಿಯಿತು.

"ಒತ್ತು ಶೈಲೊ," ಅಂದೆ. "ಕೈ ನಿಲ್ಲಿಸ್ಬ್ಯಾಡ."