ಸಂಗಪ್ಪನವರ ಕಡೆಯ ಆಟ

ನಾಲ್ಕೋ, ಏಳೋ? ಮೊದಲೆರಡು ಅಂಕಿ ಮೂರು, ಆರು. ಅದರಲ್ಲಿ ರೇಡಿಯೊ ರಿಪೇರಿಯ ಸಿದ್ದೇಶನಿಗೆ ಅನುಮಾನವಿರಲಿಲ್ಲ. ಕೊನೆಯಲ್ಲಿ ಎರಡು, ಸೊನ್ನೆ. ನಡುವಿನದೊಂದೇ ಕಣ್ಣ ಮುಂದೆ ನಿಲ್ಲುತ್ತಿರಲಿಲ್ಲ.

ಶರಣವ್ವ ಬಾಗಿಲಲ್ಲೇ ಹೇಳಿದ್ದರು: "ದೀಪ ಅಷ್ಟ ಹಚ್ಚಿಕೊಡಪಾ. ಅಂಕಿ ಮಾತ್ರ ಮುಟ್ಟಬ್ಯಾಡ. ನಮ್ಮವರು ಆಡಿದ ಕಡೀ ಆಟ ಅದು."

ಪ್ರತಾಪ ನಗರದ ಆ ಮನೆಯ ಹಜಾರದಲ್ಲಿ, ಗುಂಡು ಚಿಮ್ಮಿಸಿ ಅಂಕ ಗಳಿಸುವ ಹಳೆಯ ಪಿನ್‌ಬಾಲ್ ಯಂತ್ರ ನಿಂತಿತ್ತು. ಸಿವಿಲ್ ಲೈನ್ಸ್‌ನ ಕ್ಲಬ್ಬೊಂದು ಮುಚ್ಚಿದಾಗ ಶರಣವ್ವನ ಗಂಡ ಸಂಗಪ್ಪನವರು ತಂದದ್ದು. ತೊಂಬತ್ತೆಂಟರ ಹೋಳಿಯ ಮರುದಿನ ಆಟ ಮುಗಿಸಿ, ಪಕ್ಕದ ಕುರ್ಚಿಯಲ್ಲಿ ಕೂತವರು ಮತ್ತೆ ಕಣ್ಣು ತೆರೆಯಲಿಲ್ಲ. ಆ ಯಂತ್ರಕ್ಕೆ ಪರದೆಯಿಲ್ಲ. ಒಳಗಿನ ತಾಮ್ರದ ಸುರುಳಿ ಒಮ್ಮೆ ಸೆಳೆದರೆ ಅಂಕಿಯ ಚಕ್ರ ಒಂದು ಹಲ್ಲು ಮುಂದೆ ಸರಿದು ಅಲ್ಲೇ ನಿಲ್ಲುತ್ತದೆ. ಕರೆಂಟು ಹೋದರೂ, ಆಡಿದವರು ಹೋದರೂ. ಮುಂದಿನ ಆಟದ ಗುಂಡಿ ಒತ್ತುವವರೆಗೆ.

ಸಿದ್ದೇಶ ಒತ್ತಿಬಿಟ್ಟಿದ್ದ. ಬೆಸುಗೆ ಹಾಕಿದ ಮೇಲೆ ಓಡಿಸಿ ನೋಡುವುದು ಇಪ್ಪತ್ತು ವರ್ಷದ ಕೈರೂಢಿ. ದೀಪ ಹತ್ತಿತು, ಬೆರಳು ತಾನಾಗಿ ಗುಂಡಿಗೆ ಹೋಯಿತು, ಐದೂ ಚಕ್ರಗಳು ಗಡಗಡನೆ ಸೊನ್ನೆಗೆ ಬಂದವು.

"ಏನ ಸಪ್ಪಳೋ ಅದು?" ಅಡುಗೆಮನೆಯಿಂದ ಶರಣವ್ವ ಕೂಗಿದರು.

"ಕೂಲರ್ ರೀ ಅಕ್ಕಾರ!"

"ನಮ್ಮ ಕೂಲರ್‌ಗೆ ಅಷ್ಟು ದಮ್ ಎಲ್ಲೈತೋ! ತಡಿ, ಚಹಾ ಆತು."

ಅವನು ಪ್ಲಗ್ಗು ಕಿತ್ತು, ಗಾಜು ಸರಿಸಿ, ಚಕ್ರಗಳನ್ನು ಕೈಯಿಂದಲೇ ತಿರುಗಿಸಿದ. ಮೂರು. ಆರು. ಏಳೇ ಇರಬೇಕು. ಎರಡು. ಸೊನ್ನೆ. ಗಾಜು ಮುಚ್ಚಿದ.

ಟಕ್.

ನಡುವಿನ ಚಕ್ರ ಎಂಟಾಯಿತು. ಪ್ಲಗ್ಗು ಅವನ ಕಾಲ ಬಳಿ ನೆಲದ ಮೇಲಿತ್ತು. ಟಕ್, ಒಂಬತ್ತು. ಆ ಚಕ್ರ ಹಿಂದಕ್ಕೆ ತಿರುಗಲಾರದು. ಹಾಗಾಗಿ ಸೊನ್ನೆ ದಾಟಿ, ಒಂದೊಂದೇ ಹಲ್ಲು, ಅವಸರವಿಲ್ಲದೆ, ಮರೆತವನಿಗೆ ಹೇಳಿಕೊಡುವ ಹಾಗೆ ನಾಲ್ಕಕ್ಕೆ ಬಂದು ನಿಂತಿತು. ಪಕ್ಕದ ಕುರ್ಚಿಯ ಕಡೆ ನೋಡಲು ಸಿದ್ದೇಶನಿಗೆ ಧೈರ್ಯವಾಗಲಿಲ್ಲ.

ಚಹಾ ತಂದ ಶರಣವ್ವ ಕಪ್ಪು ಕೆಳಗಿಟ್ಟು, ಸೆರಗಿನಿಂದ ಗಾಜು ಒರೆಸಿ, ಬೆರಳಿಟ್ಟು ಒಂದೊಂದೇ ಅಂಕಿ ಓದಿದರು.

"ಬರೋಬರ್ ಐತಿ. ಬ್ಯಾರೆ ಮಿಸ್ತ್ರಿ ಆಗಿದ್ರ ಹಾಳ ಮಾಡ್ತಿದ್ದ. ನೀ ಶಾಣ್ಯಾ ಅದಿ. ಕುಡಿ, ಆರತೈತಿ."

ಸಿದ್ದೇಶ ಪ್ಲಗ್ಗು ಮತ್ತೆ ಸಿಕ್ಕಿಸಿದ, ದೀಪ ಹತ್ತಿತು. ಮುಂದೆ ಆರು ವರ್ಷ, ಬಲ್ಬು ಹೋದಾಗಲೆಲ್ಲ ಅವನೇ ಹೋಗಿ ಹಾಕಿಕೊಟ್ಟ. ಗುಂಡಿ ಒತ್ತಿದ್ದನ್ನು ಮಾತ್ರ ಶರಣವ್ವನಿಗೆ ಎಂದೂ ಹೇಳಲಿಲ್ಲ.